ರೋಗವೂ ಲೋಕಾಪವಾದವೂ

ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯನ್ನು ಅರಿಯದ ಗೃಹಸ್ಥರು ದಂಡುಪ್ರದೇಶದಲ್ಲಿ ವಿರಳ. ಆದರೆ ಎಚ್.ಐ.ವಿ. ಸೋಂಕಿದವರಿಗೆ ಔಷಧವನ್ನು ಉಚಿತವಾಗಿ ಕೊಡುವ ಎ.ಆರ್.ಟಿ. ಕೇಂದ್ರವು ಅಲ್ಲಿರುವುದನ್ನು ಅನೇಕರು ಅರಿಯರು. ಅರಿತವರಲ್ಲಿಯೂ ಕೆಲವರು ನೆರೆಹೊರೆಯವರ ಕಣ್ಣಿಗೆ ಬಿದ್ದೇವೆಂಬ ಭಯದಿಂದ ಅತ್ತ ಸುಳಿಯರು. ಪುರುಷರಲ್ಲಿಯೇ ಅನುರಾಗವುಳ್ಳ ಪುರುಷರಿಗೂ, ಸ್ತ್ರೀಪುರುಷರಿಬ್ಬರಲ್ಲಿಯೂ ಅನುರಾಗವುಳ್ಳವರಿಗೂ ಈ ಭಯವು ಇಮ್ಮಡಿಯಾದುದು. ಇವರೂ ನಮ್ಮ ನಿಮ್ಮ ಮನೆಗಳಲ್ಲಿ ಹುಟ್ಟಿ ಬೆಳೆದವರೇ ಆದುದರಿಂದ, ಈ ವಿಷಯವನ್ನು ಗೃಹಸ್ಥರ ಮುಂದಿಡುವುದು ಅನುಚಿತವೆಂದು ನಮಗೆ ತೋರದು.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ದೇಹವನ್ನು ಕಾಯುವ ಬಿಳಿಯ ರಕ್ತಕಣಗಳನ್ನು ಹೊಕ್ಕು ಅವನ್ನು ಕ್ರಮೇಣ ನಾಶಗೊಳಿಸುವ ವೈರಾಣುವೇ ಎಚ್.ಐ.ವಿ.; ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದರೆ ಏಡ್ಸ್ ಎಂಬ ಅವಸ್ಥೆಯು ಒದಗುವುದು. ನಮ್ಮ ದೇಶದಲ್ಲಿ ಇದು ಮೊದಲು ಪತ್ತೆಯಾದುದು 1986ರಲ್ಲಿ, ಮದರಾಸಿನಲ್ಲಿ. ಸಂಭೋಗ, ಸೋಂಕಿದ ರಕ್ತ, ಸೂಜಿ, ತಾಯಿಯಿಂದ ಶಿಶು: ಇವೇ ಇದು ಹರಡುವ ಮಾರ್ಗಗಳು. ಒಂದೇ ತಟ್ಟೆಯಲ್ಲಿ ಉಂಡುದರಿಂದಲಾಗಲಿ, ಸೊಳ್ಳೆ ಕಚ್ಚಿದುದರಿಂದಲಾಗಲಿ ಅಂಟದು. ಪುರುಷರ ಪರಸ್ಪರ ಸಂಭೋಗದಲ್ಲಿ ಅಪಾಯವು ಹೆಚ್ಚಾಗಿರುವುದಕ್ಕೆ ಗುದದ ಒಳಪೊರೆಯ ಮೃದುತ್ವವು ಮುಖ್ಯ ಕಾರಣವೇ ಹೊರತು ದೈವಕೋಪವಲ್ಲ. ರೋಗವೆಂಬ ಶಬ್ದವು ಹುಟ್ಟಿದ ‘ರುಜ್’ ಧಾತುವಿಗೆ ಮುರಿಯುವುದು, ನೋಯಿಸುವುದು ಎಂದರ್ಥ. ಪಾಪವೆಂಬ ಅರ್ಥವನ್ನು ಅದಕ್ಕೆ ಅಂಟಿಸಿದವರು ನಾವು.

ನಿವಾರಣೋಪಾಯಗಳೂ ಸುಲಭವಾದುವೇ. ಕಾಂಡೋಮನ್ನು ತಪ್ಪದೆ ಬಳಸಬೇಕು. ವೈದ್ಯರ ಸಲಹೆಯಂತೆ ಮುಂಚಿತವಾಗಿ ಸೇವಿಸುವ ‘ಪ್ರೆಪ್’ ಮಾತ್ರೆಯೂ ಉಂಟು. ಅಪಾಯವು ಸಂಭವಿಸಿಬಿಟ್ಟಿದ್ದರೆ 72 ಗಂಟೆಗಳೊಳಗೆ, ಎಷ್ಟು ಬೇಗನೆ ಸಾಧ್ಯವೋ ಅಷ್ಟು ಬೇಗನೆ, ವೈದ್ಯರನ್ನು ಕಾಣಬೇಕು. ಸೋಂಕಿದವನು ಔಷಧವನ್ನು ನಿಯಮದಿಂದ ಸೇವಿಸಿ, ರಕ್ತದಲ್ಲಿ ವೈರಾಣುವು ಪರೀಕ್ಷೆಗೆ ಕಾಣದಷ್ಟು ಕುಗ್ಗಿ ಹಾಗೆಯೇ ಉಳಿದರೆ, ಅವನಿಂದ ಸಂಭೋಗದ ಮೂಲಕ ಅನ್ಯರಿಗೆ ಹರಡದು.

ಉಪಾಯವಿದ್ದೂ ಜನರು ಅದನ್ನೇಕೆ ಹೊಂದರು? ಬಹುಕಾಲ ಕಾನೂನೇ ಅಡ್ಡವಾಗಿದ್ದಿತು. 1860ರ ದಂಡಸಂಹಿತೆಯ 377ನೆಯ ಪ್ರಕರಣವು ಇಂಥ ಅನುರಾಗವನ್ನು ಅಪರಾಧವೆಂದೆಣಿಸಿದ್ದುದರಿಂದ, ಪೊಲೀಸಿನವರಿಗೆ ಅಂಜಿ ಅಡಗಿದವರನ್ನು ಆರೋಗ್ಯದ ಮಾತು ಮುಟ್ಟುವುದು ಕಷ್ಟವಾಯಿತು. ಬೆಂಗಳೂರಿನಲ್ಲಿ ಇವರ ಪರವಾಗಿ ನಿಂತ ‘ಸಂಗಮ’ ಸಂಸ್ಥೆಯು 1999ರಲ್ಲಿ ಸ್ಥಾಪಿತವಾಯಿತು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತ ಸಂಬಂಧವು ಅಪರಾಧವಲ್ಲವೆಂದು ತೀರ್ಪಿತ್ತಿತು. ಅದೇ ತಿಂಗಳ 10ರಂದು ಜಾರಿಗೆ ಬಂದ 2017ರ ಎಚ್.ಐ.ವಿ. ಅಧಿನಿಯಮವು, ಸೋಂಕಿದವರನ್ನು ಉದ್ಯೋಗದಲ್ಲಿ, ಚಿಕಿತ್ಸೆಯಲ್ಲಿ, ಬಾಡಿಗೆಯ ಮನೆಯಲ್ಲಿ ಭೇದದಿಂದ ಕಾಣುವುದನ್ನು ನಿಷೇಧಿಸಿ, ಅವರ ಗುಟ್ಟನ್ನು ಕಾಪಾಡಬೇಕೆಂದು ವಿಧಿಸಿತು.

ಕಾನೂನು ಬಾಗಿಲನ್ನು ತೆರೆದರೂ, ಮನೆಯ ಹೊಸ್ತಿಲಲ್ಲಿ ಲೋಕಾಪವಾದವು ಇನ್ನೂ ಕಾದಿದೆ. ಮಗನ ಮನಸ್ಸನ್ನು ಅರಿತೂ ‘ಮದುವೆಯಾದರೆ ಎಲ್ಲವೂ ಸರಿಹೋಗುವುದು’ ಎಂದು ಬಲವಂತದಿಂದ ಕಂಕಣ ಕಟ್ಟಿಸುವ ತಂದೆತಾಯಿಗಳು ಅವನಿಗೆ ಹಿತವನ್ನು ಮಾಡಿದವರಲ್ಲ; ಏನೂ ಅರಿಯದೆ ಮನೆದುಂಬಿದ ಹೆಣ್ಣಿಗಂತೂ ಅನ್ಯಾಯವನ್ನೇ ಮಾಡಿದವರು. ಗುಟ್ಟು ಹೆಚ್ಚಿದಷ್ಟೂ ಪರೀಕ್ಷೆಯು ತಡವಾಗುವುದು. ತಡವಾದಷ್ಟೂ ಇಬ್ಬರಿಗೂ ಕೇಡು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೇ: ಮಗನು ಬಾಯಿಬಿಟ್ಟು ಹೇಳಿದ ದಿನ ಗದರದೆ ಕೇಳಿರಿ, ಸೋಂಕಿದವನ ತಟ್ಟೆಲೋಟಗಳನ್ನು ಬೇರೆಯಿಡದಿರಿ, ಪರೀಕ್ಷೆಗೆ ಹೊರಟವನೊಡನೆ, ಅವನು ಬಯಸಿದರೆ, ಜೊತೆಗೆ ನಡೆಯಿರಿ. ಸಂದೇಹವಿದ್ದವರು ಏಡ್ಸ್ ಸಹಾಯವಾಣಿಯಾದ 1097ಕ್ಕೆ ಹಣ ತೆರದೆ ಮಾತನಾಡಬಹುದು. ಹೆಸರನ್ನು ಹೇಳಬೇಕಾಗಿಯೂ ಇಲ್ಲ.