ಜಲನಿರೋಧಕ ನೈಲಾನ್ ಬಟ್ಟೆ: ಬಿಲ್ಲಿನಲ್ಲಿ ಬರೆಯದ ಗುಣ

ಬೆಂಗಳೂರಿನ ಹಳೆಯ ಪೇಟೆಗಳಲ್ಲೊಂದಾದ ನಗರ್ತಪೇಟೆಯು ನಗರ್ತ ವರ್ತಕ ಸಮುದಾಯದ ಹೆಸರನ್ನು ಹೊತ್ತಿದೆ. ಪೇಟೆಯ ವರ್ತಕರು ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿಯೇ ದರ ಕಟ್ಟುವುದು ರೂಢಿ. ಹತ್ತಿ, ರೇಷ್ಮೆಗಳಿಗೆ ಈ ರೂಢಿ ಸಾಕು. ಶಾಲಾ ಚೀಲ, ಬೆನ್ನಚೀಲ, ಡೇರೆಗಳಿಗೆ ಬಳಸುವ ಲೇಪಿತ ನೈಲಾನ್ ಬಟ್ಟೆಗೆ ಸಾಲದು. ಬೆಂಗಳೂರಿನ ವೈಲ್ಡ್‌ಕ್ರಾಫ್ಟ್‌ನಂತಹ ದೊಡ್ಡ ಸಂಸ್ಥೆಗಳು ಬಟ್ಟೆಯನ್ನು ಪರೀಕ್ಷಿಸಿ ಕೊಳ್ಳಬಲ್ಲವು. ನಾಲ್ಕಾರು ಹೊಲಿಗೆ ಯಂತ್ರಗಳ ಸಣ್ಣ ತಯಾರಕನಿಗೆ ಬಿಲ್ಲೇ ಆಧಾರ.

ಗುಣ ನಿರ್ಣಯ ಹೇಗೆ?

ಮೊದಲನೆಯದು ಡೆನಿಯರ್, ಅಂದರೆ 9,000 ಮೀಟರ್ ನೂಲಿನ ಗ್ರಾಂ ತೂಕ. ಇದು ನೂಲಿನ ದಪ್ಪವನ್ನು ಸೂಚಿಸುತ್ತದೆಯೇ ಹೊರತು ನೀರು ತಡೆಯುವ ಶಕ್ತಿಯನ್ನಲ್ಲ. ಎರಡನೆಯದು ಹೊರಮೈಯ ಸಂಸ್ಕರಣೆ. ನೀರು ಹನಿಯಾಗಿ ಉರುಳುವುದು ಇದರಿಂದ. ತಿಕ್ಕಾಟ ಹಾಗೂ ಒಗೆತದಿಂದ ಇದು ಸವೆಯುತ್ತದೆ. ಮೂರನೆಯದು ಸಾಮಾನ್ಯವಾಗಿ ಒಳಮೈಗೆ ಬಳಿಯುವ ಪಾಲಿಯುರೇಥೇನ್ ಅಥವಾ ಪಿ.ವಿ.ಸಿ. ಲೇಪನ. ಒತ್ತಡದಲ್ಲಿಯೂ ನೀರನ್ನು ತಡೆಯುವುದು ಇದೇ. ಇದರ ಸಾಮರ್ಥ್ಯವನ್ನು ನೀರಿನ ಸ್ತಂಭದ ಎತ್ತರವಾಗಿ ಮಿಲಿಮೀಟರುಗಳಲ್ಲಿ ಅಳೆಯಲಾಗುತ್ತದೆ.

ಅಂಗಡಿಯ ಗಲ್ಲೆಯ ಮೇಲೆ ಚಿಮುಕಿಸಿದ ಹನಿ ಉರುಳಿದರೆ ಪರೀಕ್ಷೆಯಾದದ್ದು ಹೊರಮೈ ಮಾತ್ರ. ಪಾಲಿಯುರೇಥೇನ್ ಲೇಪನವು ತೇವ ಹಾಗೂ ಶಾಖದಲ್ಲಿ ವರ್ಷಗಳು ಕಳೆದಂತೆ ಅಂಟಂಟಾಗಿ ಸುಲಿಯಬಹುದಾದ್ದರಿಂದ ಅಗ್ಗದ ಹಳೆಯ ದಾಸ್ತಾನಿನ ಬಗ್ಗೆ ಎಚ್ಚರ ಅಗತ್ಯ. ಸೂಜಿಯ ಪ್ರತಿಯೊಂದು ರಂಧ್ರವೂ ಲೇಪನವನ್ನು ಭೇದಿಸುತ್ತದೆ. ಹೊಲಿಗೆಯ ಮೇಲೆ ಒಳಗಿನಿಂದ ಟೇಪು ಅಂಟಿಸದ ಚೀಲವನ್ನು ಪೂರ್ಣ ಜಲನಿರೋಧಕವೆಂದು ಮಾರುವುದು ಸರಿಯಲ್ಲ.

ಉಳಿತಾಯದ ಲೆಕ್ಕ

500 ಚೀಲಗಳ ಒಂದು ಬೇಡಿಕೆಯನ್ನು ಊಹಿಸೋಣ. ಚೀಲಕ್ಕೆ ಒಂದು ಮೀಟರ್ ಬಟ್ಟೆ, ಮೀಟರಿಗೆ 10 ರೂ. ಉಳಿತಾಯ; ಒಟ್ಟು 5,000 ರೂ. ಚೀಲದ ಬೆಲೆ 400 ರೂ. ಆದರೆ, ಮಳೆಗಾಲದಲ್ಲಿ ಕೇವಲ 13 ಚೀಲಗಳು ಹಿಂದಿರುಗಿ ಹಣ ಮರಳಿಸಬೇಕಾದರೆ 5,200 ರೂ. ಹೋಗುತ್ತದೆ. ಕಳೆದುಕೊಂಡ ಗಿರಾಕಿ ಈ ಲೆಕ್ಕದಲ್ಲಿ ಸೇರಿಲ್ಲ.

ಕಾನೂನು ಮತ್ತು ತೆರಿಗೆ

1930ರ ಸರಕು ಮಾರಾಟ ಅಧಿನಿಯಮದ 15ನೆಯ ಕಲಮಿನಂತೆ ಸರಕು ವಿವರಣೆಗೆ ಹೊಂದಬೇಕು. 17ನೆಯ ಕಲಮಿನಂತೆ ಮಾದರಿ ತೋರಿಸಿ ಮಾರಿದಾಗ ಮಾದರಿಯ ಗುಣಮಟ್ಟಕ್ಕೆ ಹೊಂದಬೇಕು. ಆದರೆ ಬಿಲ್ಲಿನಲ್ಲಿ 'ನೈಲಾನ್ ಬಟ್ಟೆ' ಎಂದಷ್ಟೇ ಇದ್ದು, ಮಾದರಿಯ ತುಂಡೂ ಕೈಯಲ್ಲಿ ಇಲ್ಲದಿದ್ದರೆ ಕೊಂಡವನು ಯಾವುದನ್ನು ಸಾಬೀತುಪಡಿಸಿಯಾನು?

ತೆರಿಗೆಯ ದೃಷ್ಟಿಯಿಂದಲೂ ವಿವರಣೆ ಮುಖ್ಯ. ನೈಲಾನ್ ಬಟ್ಟೆಯ ಮೇಲಿನ ಪ್ಲಾಸ್ಟಿಕ್ ಲೇಪನ ಬರಿಗಣ್ಣಿಗೆ ಕಾಣುವಂತಿದ್ದರೆ ಶೀರ್ಷಿಕೆ 5903; ಕಾಣದಿದ್ದರೆ ಸಾಮಾನ್ಯವಾಗಿ 5407. ಬಣ್ಣದ ಬದಲಾವಣೆ ಮಾತ್ರ ಗಣನೆಗೆ ಬಾರದು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಾಗಿನಿಂದ ಮೊದಲನೆಯದಕ್ಕೆ ಶೇ. 12, ಎರಡನೆಯದಕ್ಕೆ ಶೇ. 5 ದರವಿತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇ. 5 ಆಗಿದ್ದರೂ ಹಿಂದಿನ ವರ್ಷಗಳ ಲೆಕ್ಕ ಪರಿಶೀಲನೆಗೆ ಬಂದಾಗ ಹಳೆಯ ಬಿಲ್ಲೇ ಮಾತನಾಡಬೇಕು.

ಆದುದರಿಂದ ಡೆನಿಯರ್, ಲೇಪನದ ಬಗೆ, ನೀರಿನ ಒತ್ತಡದ ಅಂಕಿ, ತಯಾರಿಕೆಯ ತಿಂಗಳು ಇವಿಷ್ಟನ್ನು ಬಿಲ್ಲಿನಲ್ಲಿ ಬರೆಸಿಕೊಂಡು, ಮಾರಾಟಗಾರರ ಸಹಿಯುಳ್ಳ ಗೇಣುದ್ದದ ತುಂಡೊಂದನ್ನು ಕಡತದಲ್ಲಿ ಇರಿಸಿಕೊಳ್ಳುವುದು ಲೇಸು. ಇದರಿಂದ ಪ್ರಾಮಾಣಿಕ ಮಾರಾಟಗಾರರಿಗೂ ರಕ್ಷಣೆ ದೊರೆಯುತ್ತದೆ.