ಬಾದಾಮಿಯ ಕಲ್ಮನೆಗಳು: ಅಂದಿನ ದತ್ತಿ, ಇಂದಿನ ಹೊಣೆ

ವ್ಯಾಪಾರದ ನಿಮಿತ್ತ ಬಾಗಲಕೋಟೆ, ಇಳಕಲ್ಲ, ಗುಳೇದಗುಡ್ಡಗಳಿಗೆ ಹೋಗಿಬರುವವರು ಅನೇಕರು. ಸೀರೆಗೂ ಖಣಕ್ಕೂ ಹೆಸರಾದ ಈ ಸೀಮೆಯಲ್ಲಿಯೇ ಚಾಲುಕ್ಯರ ರಾಜಧಾನಿಯಾಗಿದ್ದ ಬಾದಾಮಿಯಿದೆ. ಅರ್ಧ ದಿನದ ಬಿಡುವು ದೊರೆತರೆ ಸಾಕು, ಇಲ್ಲಿಯ ಗುಹಾಲಯಗಳನ್ನು ನೋಡಿ ಬರಬಹುದು.

ಅಗಸ್ತ್ಯತೀರ್ಥದ ದಕ್ಷಿಣಕ್ಕಿರುವ ಕೆಂಪು ಮರಳುಗಲ್ಲಿನ ಬೆಟ್ಟದಲ್ಲಿ ನಾಲ್ಕು ಗುಹೆಗಳನ್ನು ಕೊರೆಯಲಾಗಿದೆ. ಮೊದಲನೆಯದು ಶಿವನದು, ಅದರ ಬದಿಯಲ್ಲಿ ಹದಿನೆಂಟು ಕೈಗಳ ನಟರಾಜನಿದ್ದಾನೆ. ಎರಡನೆಯದು ಮತ್ತು ಮೂರನೆಯದು ವಿಷ್ಣುವಿನವು, ನಾಲ್ಕನೆಯದು ಜೈನರದು. ಮೂರನೆಯ ಗುಹೆ ಎಲ್ಲಕ್ಕಿಂತ ದೊಡ್ಡದು. ಶೇಷನ ಮೇಲೆ ಕುಳಿತ ವಿಷ್ಣು, ತ್ರಿವಿಕ್ರಮ, ವರಾಹ, ನರಸಿಂಹರ ಬೃಹತ್ ಮೂರ್ತಿಗಳೂ, ಮಾಸಿದ ವರ್ಣಚಿತ್ರಗಳ ಉಳಿಕೆಗಳೂ ಇಲ್ಲಿವೆ.

ನಿರ್ವಹಣೆಗೆ ಮೀಸಲಾದ ಗ್ರಾಮ

ಕಟ್ಟಿಸುವುದು ಒಮ್ಮೆಯ ವೆಚ್ಚ, ಉಳಿಸಿಕೊಳ್ಳುವುದು ನಿತ್ಯದ ವೆಚ್ಚ. ಕಾರ್ಖಾನೆ ನಡೆಸುವವರು ಬಲ್ಲ ಈ ಮಾತನ್ನು ಮಂಗಲೇಶನೂ ಬಲ್ಲವನಾಗಿದ್ದನು. ಅಣ್ಣ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷ, ಶಕ 500ರ ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯಂದು, ಮೂರನೆಯ ಗುಹೆಯಲ್ಲಿ ದೇವರನ್ನು ಪ್ರತಿಷ್ಠಾಪಿಸಿದ ಅವನು ಒಂದು ಗ್ರಾಮವನ್ನೂ ದತ್ತಿಯಾಗಿ ಬಿಟ್ಟನು. ಅದರ ಹುಟ್ಟುವಳಿಯಿಂದ ನೈವೇದ್ಯ, ಪ್ರತಿದಿನ ಹದಿನಾರು ಬ್ರಾಹ್ಮಣರ ಭೋಜನ, ಉಳಿದುದರಲ್ಲಿ ಪರಿವ್ರಾಜಕರ ಊಟ ನಡೆಯಬೇಕೆಂದು ಸಂಸ್ಕೃತ ಶಾಸನವು ವಿಧಿಸುತ್ತದೆ. ಅಲ್ಲಿಯೇ ಇರುವ ಕನ್ನಡ ಶಾಸನವು ಗುಹೆಯನ್ನು ‘ಕಲ್ಮನೆ’ ಎಂದು ಕರೆದು, ಹೂಮಾಲೆ ಕಟ್ಟುವ ಮಾಲೆಗಾರರಿಗೆ ಅರ್ಧ ವೀಸದ ಪಾಲನ್ನು ಗೊತ್ತುಪಡಿಸುತ್ತದೆ. ದತ್ತಿಯನ್ನು ಅಳಿಸಿದವನಿಗೆ ಪಾಪ ತಟ್ಟುವುದೆಂದೂ ಎಚ್ಚರಿಸುತ್ತದೆ. ದೇವಾಲಯವನ್ನು ಆಶ್ರಯಿಸಿದ ಕಸುಬುದಾರನ ಆದಾಯವನ್ನೂ ಕಲ್ಲಿನಲ್ಲಿಯೇ ಭದ್ರಪಡಿಸಿದ್ದು ಗಮನಾರ್ಹ.

ಇಂದಿನ ಸವಾಲು

ಈಗ ಆ ಗ್ರಾಮದ ಹುಟ್ಟುವಳಿಯಿಲ್ಲ. ಗುಹೆಗಳ ಹೊಣೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯದು. ಮರಳುಗಲ್ಲು ಕೆತ್ತನೆಗೆ ಸುಲಭ, ಸವಕಳಿಗೂ ಸುಲಭ. ಮಳೆನೀರು ಬಿರುಕುಗಳಲ್ಲಿ ಇಳಿದು, ಆರುವಾಗ ಲವಣಗಳು ಹರಳುಗಟ್ಟಿ ಕಲ್ಲಿನ ಮೇಲ್ಪದರ ಉದುರುತ್ತದೆ. ಸಾವಿರಾರು ಕೈಗಳ ಸ್ಪರ್ಶವೂ ಮೂರ್ತಿಯ ಅಂಚುಗಳನ್ನು ಸವೆಸುತ್ತದೆ. ಕಟ್ಟಿದ ಗುಡಿಯಲ್ಲಿ ಮುಕ್ಕಾದ ಕಲ್ಲನ್ನು ಬದಲಿಸಬಹುದು. ಬೆಟ್ಟದಲ್ಲಿಯೇ ಕೊರೆದ ಗುಡಿಯಲ್ಲಿ ಅದು ಸಾಧ್ಯವಿಲ್ಲ.

ಸಂರಕ್ಷಣೆಯ ನಿಯಮಗಳು ಊರಿನ ವ್ಯವಹಾರವನ್ನೂ ತಟ್ಟುತ್ತವೆ. 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಅಗತ್ಯ. ಸ್ಮಾರಕದ ಮಗ್ಗುಲಲ್ಲಿ ಮನೆ, ಅಂಗಡಿ ಇರುವವರಿಗೆ ಇದು ಕಷ್ಟವೇ. ಆದರೆ ಅಂಗಡಿಗೆ ಗಿರಾಕಿಯನ್ನು ಕರೆತರುವುದೂ ಆ ಸ್ಮಾರಕವೇ.

ಕೇಂದ್ರದ ‘ಹೃದಯ್’ ಯೋಜನೆಗೆ 2015ರಲ್ಲಿ ಆಯ್ಕೆಯಾದ ಹನ್ನೆರಡು ನಗರಗಳಲ್ಲಿ ಬಾದಾಮಿಯೂ ಒಂದು. ಆ ಯೋಜನೆ 2019ರಲ್ಲಿ ಮುಗಿಯಿತು. ಉದ್ಯಮಿಗಳ ಪಾಲಿಗೆ ಬೇರೆ ದಾರಿಗಳಿವೆ. 1996ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಕೃತಿ ನಿಧಿಯು ದೇಣಿಗೆ ಸ್ವೀಕರಿಸುತ್ತದೆ. 2013ರ ಕಂಪನಿ ಕಾಯ್ದೆಯು ಪರಂಪರೆಯ ರಕ್ಷಣೆಯನ್ನು ಸಾಮಾಜಿಕ ಹೊಣೆಗಾರಿಕೆಯ ವೆಚ್ಚದಲ್ಲಿ ಸೇರಿಸಿದೆ. ಕಾಯ್ದೆಗೆ ಒಳಪಡದ ಸಣ್ಣ ಉದ್ಯಮಿಯೂ ಕೆಲಸಗಾರರೊಡನೆ ಇಲ್ಲಿಗೆ ಬಂದಾಗ ಮೂರ್ತಿಗಳನ್ನು ಮುಟ್ಟದಂತೆ, ಕಸ ಬಿಸುಡದಂತೆ ನೋಡಿಕೊಳ್ಳಬಹುದು. ಸ್ಥಳೀಯ ಮಾರ್ಗದರ್ಶಿಗೆ ಕೂಲಿ, ಸ್ಥಳೀಯ ನೇಕಾರನಿಗೆ ವ್ಯಾಪಾರ ಕೊಡಬಹುದು. ಅಂದಿನ ಮಾಲೆಗಾರನ ಅರ್ಧ ವೀಸ ಇಂದು ಉಳಿಯಬೇಕಾದುದು ಈ ರೂಪದಲ್ಲಿಯೇ.