ಮದ್ದಿಗೊಂದು ಹಾದಿ

ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಶ್ರೀರಂಗಪಟ್ಟಣ, ಪಾಂಡವಪುರಗಳ ಬಯಲನ್ನು ಕಬ್ಬು ಭತ್ತಗಳಿಂದ ಹಸಿರಾಗಿಸಿದೆ. ಅದೇ ಮಂಡ್ಯ ಜಿಲ್ಲೆಯ ನಾಗಮಂಗಲದ ಎತ್ತರದ ಹೊಲಗಳಿಗೆ ಆ ನೀರು ಏರಲಾರದು. ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆಗೆ ಹೇಮಾವತಿಯಿಂದ ಬೇರೆ ನಾಲೆಗಳನ್ನು ತರಬೇಕಾಯಿತು. ಜಲಾಶಯ ತುಂಬಿದರಷ್ಟೇ ಸಾಲದು. ನೀರು ಪೈರಿನ ಬುಡವನ್ನು ಮುಟ್ಟಬೇಕು. ಔಷಧದ ವಿಷಯದಲ್ಲಿಯೂ ಈ ಮಾತು ಸತ್ಯ. ಅರೆತಲೆನೋವಿನ ಚಿಕಿತ್ಸೆ ಇದಕ್ಕೊಂದು ನಿದರ್ಶನ.

ವೈದ್ಯರು ಮೈಗ್ರೇನ್ ಎಂದು ಕರೆಯುವ ಈ ಬೇನೆಯನ್ನು ಆಯುರ್ವೇದವು ಅರ್ಧಾವಭೇದಕವೆಂದು ಹೆಸರಿಸಿದೆ. ಸಾಮಾನ್ಯವಾಗಿ ತಲೆಯ ಒಂದು ಪಾರ್ಶ್ವದಲ್ಲಿ ನಾಡಿಯಂತೆ ಮಿಡಿಯುವ ನೋವು ಏಳುತ್ತದೆ, ಓಕರಿಕೆ ಬರುತ್ತದೆ, ಬೆಳಕೂ ಸದ್ದೂ ಅಸಹನೀಯವಾಗುತ್ತವೆ. ಚಿಕಿತ್ಸೆ ದೊರೆಯದಿದ್ದರೆ ನೋವು 4 ಗಂಟೆಗಳಿಂದ 72 ಗಂಟೆಗಳವರೆಗೂ ಇರಬಹುದು. ಹೊರಗೆ ಗಾಯವಿಲ್ಲ, ಮೈಯಲ್ಲಿ ಜ್ವರವಿಲ್ಲ. ಆದುದರಿಂದ ನೋಡುವವರು ಇದನ್ನು ಕೆಲಸ ತಪ್ಪಿಸುವ ನೆಪವೆಂದು ಬಗೆಯುವುದುಂಟು. ಆದರೆ 2009ರಲ್ಲಿ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳ 2,329 ವಯಸ್ಕರನ್ನು ವಿಚಾರಿಸಿದಾಗ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆ ಒಂದು ವರ್ಷದೊಳಗೆ ಅರೆತಲೆನೋವು ಬಂದಿದ್ದುದು ತಿಳಿಯಿತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ಇದಕ್ಕೆ ಮದ್ದಿಲ್ಲವೆಂದಲ್ಲ. ಸುಮಾಟ್ರಿಪ್ಟಾನ್ ಎಂಬ ಔಷಧ 1991ರಿಂದ ಬಳಕೆಯಲ್ಲಿದೆ. ಆದರೆ ನುಂಗಿದ ಮಾತ್ರೆಯ ಮದ್ದಿನಲ್ಲಿ ನೂರಕ್ಕೆ ಸುಮಾರು 15 ಪಾಲು ಮಾತ್ರ ಮೈಯ ರಕ್ತಪ್ರವಾಹಕ್ಕೆ ದೊರೆಯುತ್ತದೆ. ಉಳಿದುದರಲ್ಲಿ ಬಹುಪಾಲು ಯಕೃತ್ತಿನಲ್ಲಿಯೇ ಮಾರ್ಪಟ್ಟು ವ್ಯರ್ಥವಾಗುತ್ತದೆ. ನೋವು ಬಂದಾಗ ಜಠರದ ಚಲನೆ ಮಂದವಾಗುವುದರಿಂದ ಮಾತ್ರೆ ಅಲ್ಲಿಯೇ ಉಳಿಯಬಹುದು, ವಾಂತಿಯಾದರೆ ಹೊರಬೀಳಲೂಬಹುದು. ರಕ್ತಕ್ಕೆ ಸೇರಿದ ಮೇಲೂ ಮತ್ತೊಂದು ಅಡ್ಡಿಯಿದೆ. 1885ರಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್, ಪ್ರಾಣಿಗಳ ರಕ್ತಕ್ಕೆ ಬಣ್ಣವನ್ನು ಸೇರಿಸಿದರೆ ಇತರ ಅವಯವಗಳಿಗೆ ಹತ್ತುವ ಬಣ್ಣ ಮಿದುಳಿಗೆ ಹತ್ತುವುದಿಲ್ಲವೆಂದು ತಿಳಿಸಿದನು. ಮಿದುಳಿನ ಸೂಕ್ಷ್ಮ ರಕ್ತನಾಳಗಳ ಒತ್ತಾದ ಗೋಡೆಯೇ ಅದಕ್ಕೆ ಕಾರಣವೆಂದು ಮುಂದೆ ಗೊತ್ತಾಯಿತು. ಮಿದುಳನ್ನು ವಿಷಗಳಿಂದ ಕಾಯುವ ಈ ಗೋಡೆ ಅನೇಕ ಔಷಧಗಳನ್ನೂ ತಡೆಯುತ್ತದೆ.

ಇಲ್ಲಿ ನೆರವಿಗೆ ಬರಬಹುದಾದುವು ನ್ಯಾನೋಕಣಗಳು. ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೋಮೀಟರು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರು. ಕೊಬ್ಬಿನ ಪದಾರ್ಥದಿಂದಲೋ, ಸೀಗಡಿ ಏಡಿಗಳ ಚಿಪ್ಪಿನಿಂದ ದೊರೆಯುವ ಕೈಟೊಸಾನ್ ಎಂಬ ವಸ್ತುವಿನಿಂದಲೋ ನೂರಿನ್ನೂರು ನ್ಯಾನೋಮೀಟರುಗಳ ಕಣಗಳನ್ನು ಮಾಡಿ, ಅವುಗಳೊಳಗೆ ಔಷಧವನ್ನಿರಿಸಿ, ಮೂಗಿನೊಳಕ್ಕೆ ಸಿಂಪಡಿಸಬಹುದು. ಕೈಟೊಸಾನ್ ಮೂಗಿನ ಲೋಳೆಗೆ ಅಂಟಿಕೊಳ್ಳುವುದರಿಂದ ಮದ್ದು ಬೇಗನೆ ಜಾರಿಹೋಗದು. ಮೂಗಿನ ಮೇಲ್ಭಾಗದಲ್ಲಿ ವಾಸನೆಯನ್ನು ತಿಳಿಸುವ ನರದ ತುದಿಗಳಿವೆ. ಅರೆತಲೆನೋವಿನ ಯಾತನೆಯನ್ನು ಸಾಗಿಸುವ ಟ್ರೈಜೆಮಿನಲ್ ನರದ ಕವಲುಗಳೂ ಅಲ್ಲಿವೆ. ಈ ನರಗಳ ಜಾಡು ಹಿಡಿದು ಔಷಧದ ಸ್ವಲ್ಪ ಅಂಶ ಮಿದುಳನ್ನು ಸೇರಬಲ್ಲುದು. ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಬಳಿ ಸುರಂಗದಲ್ಲಿ ಸಾಗಿ ಗುಡ್ಡವನ್ನು ದಾಟುವಂತೆ, ಮದ್ದು ಇಲ್ಲಿ ಗೋಡೆಯನ್ನು ತಪ್ಪಿಸಿ ಸಾಗುತ್ತದೆ.

ಆದರೆ ಆತುರ ಸಲ್ಲದು. ಕೊಬ್ಬಿನ ನ್ಯಾನೋಕಣಗಳಲ್ಲಿಟ್ಟ ಕ್ಯಾನ್ಸರ್ ಔಷಧವೊಂದಕ್ಕೆ ಅಮೆರಿಕದಲ್ಲಿ 1995ರಲ್ಲಿಯೇ ಅನುಮತಿ ದೊರೆಯಿತು. ಅರೆತಲೆನೋವಿನ ನ್ಯಾನೋಕಣಗಳಾದರೋ ಬಹುಮಟ್ಟಿಗೆ ಇನ್ನೂ ಪ್ರಯೋಗಾಲಯದಲ್ಲಿವೆ. ಇಲಿಯ ಮೂಗಿನಲ್ಲಿ ಫಲಿಸಿದುದು ಮನುಷ್ಯನ ಮೂಗಿನಲ್ಲಿಯೂ ಫಲಿಸಬೇಕೆಂಬ ನಿಯಮವಿಲ್ಲ. ಕೆಲಸ ಮುಗಿಸಿದ ಕಣಗಳು ದೇಹದಲ್ಲಿ ಎಲ್ಲಿ ಉಳಿಯುತ್ತವೆ, ಮೂಗಿನ ಒಳಪೊರೆಗೆ ಹಾನಿಮಾಡುತ್ತವೆಯೇ ಎಂಬುದನ್ನೂ ಪರೀಕ್ಷಿಸಬೇಕು. ಹಾಗೆಂದು ನೋವಿನ ಮಾತ್ರೆಗಳನ್ನು ಮನಬಂದಂತೆ ನುಂಗುವುದೂ ತರವಲ್ಲ. ಅತಿಯಾದ ಬಳಕೆಯಿಂದಲೇ ತಲೆನೋವು ಬೇರೂರುವುದುಂಟು.

ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ವೈದ್ಯಕೀಯ ಮತ್ತು ಔಷಧವಿಜ್ಞಾನದ ಕಾಲೇಜುಗಳಿವೆ. ಈ ಸೀಮೆಯ ರೈತರ ಮಕ್ಕಳಿಗೂ ಇಂತಹ ವಿದ್ಯೆಯ ಬಾಗಿಲು ಹತ್ತಿರದಲ್ಲಿಯೇ ಇದೆ. ಮದ್ದಿನ ಹೊಸ ಹಾದಿ ಸಿದ್ಧವಾಗಲು ಕಾಲ ಬೇಕು. ಅಲ್ಲಿಯವರೆಗೆ, ಕತ್ತಲ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದವರ ನೋವನ್ನು ನೆಪವೆನ್ನದೆ ನಂಬಿ, ಅವರನ್ನು ವೈದ್ಯರ ಬಳಿಗೆ ಕರೆದೊಯ್ಯುವುದು ಎಲ್ಲರಿಗೂ ಸಾಧ್ಯವಾದ ಕೆಲಸ.